ಟೇಪಿನೊಳಗಿನ ದನಿಗೂ ವಾರಸುದಾರರಿದ್ದಾರೆ

ಲೂಯೀಸ್ ಹರ್ಕಸ್ ಅನ್ನೋ ಹೆಸರು ನಮ್ಮ ಕಡೆ ಪ್ರಾಕೃತ ಓದ್ಕೊಂಡಿರೋ ಕೆಲವರಿಗೆ ಬಿಟ್ರೆ ಬೇರೆಯವರಿಗೆ ಗೊತ್ತಿರೋ ಹಾಗೆ ಕಾಣಲ್ಲ, ನಂಗೂ ಅಡಿಲೇಡಿಗೆ ಬಂದು ನೆಲೆಸೋವರೆಗೂ ಗೊತ್ತಿರಲಿಲ್ಲ. 1926ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದವರು, ನಾಜಿಗಳ ಕಾಲದಲ್ಲಿ ಊರು ಬಿಟ್ಟು 1938ರಲ್ಲಿ ಮನೆಯವರ ಜೊತೆ ಇಂಗ್ಲೆಂಡಿಗೆ ಬಂದು, ಆಕ್ಸ್‌ಫರ್ಡ್‌ನಲ್ಲಿ ಓದಿ, 1954ರಲ್ಲಿ ಆಸ್ಟ್ರೇಲಿಯಾ ಸೇರ್ಕೊಂಡು, ಮುಂದೆ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಸಂಸ್ಕೃತ ಪಾಠ ಮಾಡಿದೋರು. ಪ್ರಾಕೃತ, ಅಪಭ್ರಂಶದ ಬಗ್ಗೆ ಬೇಕಾದಷ್ಟು ಲೇಖನ ಬರೆದಿದಾರೆ. ಅಷ್ಟು ಮಾಡಿದ್ರೇ ಒಂದು ಜೀವಮಾನಕ್ಕೆ ಸಾಕಾಗಿತ್ತು. ಆದ್ರೆ 1960ರ ದಶಕದ ಶುರುವಲ್ಲಿ ಈ ತಾಯಿ ಒಂದು ಟೇಪ್ ರೆಕಾರ್ಡರ್ ಕಾರಿಗೆ ಹಾಕ್ಕೊಂಡು ವಿಕ್ಟೋರಿಯಾ ರಾಜ್ಯದ ಹಳ್ಳಿಹಳ್ಳಿ ತಿರುಗೋಕೆ ಶುರು ಮಾಡಿದ್ರು, ಅಲ್ಲಿ ಆದಿವಾಸಿ ಭಾಷೆ ಮಾತಾಡೋರು ಯಾರೂ ಉಳಿದಿಲ್ಲ ಅಂತ ಎಲ್ರೂ ನಂಬಿದ್ದ ಕಾಲ ಅದು. ಉಳಿದಿದ್ರು. ಕೇಳೋಕೆ ಯಾರೂ ಹೋಗಿರಲಿಲ್ಲ ಅಷ್ಟೇ. 1969ರಲ್ಲಿ ವಿಕ್ಟೋರಿಯಾದ ಭಾಷೆಗಳ ಬಗ್ಗೆ ಅವರ ಪುಸ್ತಕ ಬಂತು, ಆಮೇಲೆ ಉತ್ತರಕ್ಕೆ ಹೋಗ್ತಾ ಹೋಗ್ತಾ ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿ ಅಂಚಿನ ಅರಬನ, ವಂಕಂಗುರು ಜನರ ಹತ್ರ ಹೋಗಿ ಕೂತ್ರು. 2018ರಲ್ಲಿ ತೀರಿಕೊಳ್ಳೋವರೆಗೂ ಈ ಕೆಲಸ ಕೈಬಿಡಲಿಲ್ಲ.

ಅವರಿಗೆ ಅಲ್ಲಿ ಸಿಕ್ಕ ದೊಡ್ಡ ಗುರು ಅಂದ್ರೆ ಮಿಕ್ ಮ್ಯಾಕ್ಲೀನ್ ಇರಿನ್ಯಿಲಿ. ವಂಕಂಗುರು ಮನುಷ್ಯ, ಸಿಂಪ್ಸನ್ ಮರುಭೂಮಿಯ ಒಳಗೇ ಹುಟ್ಟಿದವನು, ಅವನು ಇನ್ನೂ ಹುಡುಗ ಆಗಿದ್ದಾಗ, ಅಂದ್ರೆ 19ನೇ ಶತಮಾನ ಮುಗಿಯೋ ಹೊತ್ತಿಗೆ, ಅವನ ಜನ ಮರುಭೂಮಿ ಬಿಟ್ಟು ಹೊರಗೆ ಬಂದುಬಿಟ್ರು. ಆ ಮರಳುಗಾಡಲ್ಲಿ ನದಿ ಇಲ್ಲ, ಕೆರೆ ಇಲ್ಲ, ಉದ್ದುದ್ದಕ್ಕೆ ಮರಳಿನ ದಿಬ್ಬಗಳು. ಜನ ಬದುಕಿದ್ದು ಮಿಕಿರಿ ಅನ್ನೋ ಬಾವಿಗಳಿಂದ, ತಗ್ಗಿನಲ್ಲಿ ಆಳಕ್ಕೆ ತೋಡಿದ ಇಕ್ಕಟ್ಟಾದ ಬಾವಿ, ಗೊತ್ತಿಲ್ಲದವನು ಪಕ್ಕದಲ್ಲೇ ನಡ್ಕೊಂಡು ಹೋದ್ರೂ ಕಾಣೋದಿಲ್ಲ. ಬಾವಿ ಎಲ್ಲಿದೆ, ಅಲ್ಲಿಂದ ಮುಂದಿನದು ಯಾವ ಕಡೆ, ಅಲ್ಲಿಗೆ ಮೊದಲು ಬಂದ ಪೂರ್ವಜ ಯಾರು, ಅಲ್ಲಿ ಏನಾಯ್ತು, ಇದೆಲ್ಲಾ ಹಾಡಲ್ಲಿತ್ತು. ಮಿಕ್ ಮುದುಕನಾದ ಮೇಲೆ, ಆ ಬಾವಿಗಳ ನೀರು ಕುಡಿದು ದಶಕಗಳೇ ಕಳೆದ ಮೇಲೆ, ಹರ್ಕಸ್ ಎದುರು ಕೂತು ಆ ಹಾಡುಗಳನ್ನ, ಆ ಜಾಗಗಳ ಕಥೆಗಳನ್ನ ಹೇಳಿದ. 1977ರಲ್ಲಿ ಅವನು ಹೋದ. ಆಮೇಲೆ 1980ರ ದಶಕದಲ್ಲಿ ಅವನು ಹೇಳಿದ ವಿವರ ಮತ್ತು 1886ರಲ್ಲಿ ಅಲ್ಲಿಗೆ ಹೋಗಿದ್ದ ಲಿಂಡ್ಸೇ ಅನ್ನೋ ಸರ್ವೇಯರ್‌ನ ದಿನಚರಿ ಎರಡನ್ನೂ ಇಟ್ಕೊಂಡು ನೋಡಿದ್ರೆ ಮರಳಲ್ಲಿ ಮುಚ್ಚಿಹೋಗಿದ್ದ ಬಾವಿಗಳು ಹೇಳಿದ ಜಾಗದಲ್ಲೇ ಇದ್ವು.

ನಾನು ಇದನ್ನ ಓದಿದಾಗ ನಂಗೆ ಒಂದು ಬಲವಾಗಿ ಅನ್ನಿಸಿತು, ಈ ಬರಹದಲ್ಲಿ ಅದನ್ನೇ ಹೇಳೋಕೆ ಹೊರಟಿದೀನಿ. ಅಳಿಯೋ ಭಾಷೆಗಳನ್ನ ದಾಖಲು ಮಾಡೋದು ಅಂದ ಕೂಡ್ಲೇ ನಮ್ಮ ತಲೇಲಿ ಬರೋದು ಕೊನೆಯ ಮಾತುಗಾರ, ಅವನ ಎದುರಿಗೊಂದು ಮೈಕು, ಆಮೇಲೆ ಎಲ್ಲೋ ಒಂದು ಕಪಾಟು. ಕೊನೆಯವನು ಸತ್ತ, ಪುಣ್ಯಕ್ಕೆ ನಾವು ರೆಕಾರ್ಡ್ ಮಾಡ್ಕೊಂಡ್ವಿ, ಮುಗೀತು. ಈ ಥರ ಯೋಚಿಸಿದ್ರೆ ಮುಖ್ಯವಾದ ಇಬ್ಬರು ಕಾಣೋದೇ ಇಲ್ಲ, ಹೇಳಿಕೊಟ್ಟವನು ಒಬ್ಬ, ನಾಳೆ ಬಂದು ಕೇಳೋ ಅವನ ಮೊಮ್ಮಗಳು ಇನ್ನೊಬ್ಬಳು. ದಾಖಲೆ ಅನ್ನೋದು ಇವರಿಬ್ಬರ ನಡುವಿನ ವ್ಯವಹಾರ. ಭಾಷಾಶಾಸ್ತ್ರಜ್ಞ, ಯೂನಿವರ್ಸಿಟಿ, ಆರ್ಕೈವ್ ಎಲ್ಲಾ ಮಧ್ಯೆ ನಿಂತ್ಕೊಂಡು ತಲುಪಿಸೋರು. ಒಳ್ಳೆ ಕೆಲಸ, ದೊಡ್ಡ ಕೆಲಸ, ಆದ್ರೆ ಆಸ್ತಿ ಅವರದಲ್ಲ.

ಅಂಕಿ ಸಂಖ್ಯೆ ಸ್ವಲ್ಪ ಹೇಳ್ಬಿಡ್ತೀನಿ. 1788ರಲ್ಲಿ ಬ್ರಿಟಿಷರು ಸಿಡ್ನಿಗೆ ಬಂದು ಇಳಿದಾಗ ಈ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆ ಇದ್ವು, ಉಪಭಾಷೆ ಸೇರಿಸಿದ್ರೆ 800ರ ಹತ್ತಿರ ಅಂತಾರೆ. 2020ರಲ್ಲಿ ಪ್ರಕಟ ಆದ ಮೂರನೇ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಬಳಕೆಯಲ್ಲಿರೋದು 123, ಅದರಲ್ಲಿ ಮಕ್ಕಳು ಮನೆಯಲ್ಲೇ ಕಲಿತು ಬೆಳೀತಿರೋ ಗಟ್ಟಿ ಭಾಷೆಗಳು ಬರೀ 12. ವಾರ್ಲ್‌ಪಿರಿ, ಪಿಚನ್‌ಜಾರ, ಮುರ್ರಿನ್‌ಪಾತ, ತಿವಿ ಥರದವು.

ಭಾಷೆ ತಾನಾಗೇ ಸಾಯಲಿಲ್ಲ, ಇದನ್ನ ಜೋರಾಗಿ ಹೇಳ್ಬೇಕು. ಭೂಮಿ ಕಿತ್ಕೊಂಡ್ರು, ಎಷ್ಟೋ ಕಡೆ ಕೊಂದ್ರು, ಸಿಡುಬು ಬಂತು, ಉಳಿದೋರನ್ನ ಬೇರೆಬೇರೆ ಭಾಷೆಯವರ ಜೊತೆ ಮಿಷನ್‌ಗಳಲ್ಲಿ ರಿಸರ್ವ್‌ಗಳಲ್ಲಿ ತುಂಬಿದ್ರು, ಸುಮಾರು 1910ರಿಂದ 1970ರವರೆಗೆ ಮಕ್ಕಳನ್ನ ತಾಯಿತಂದೆಯಿಂದ ಕಿತ್ಕೊಂಡು ಸಂಸ್ಥೆಗಳಿಗೆ, ಬಿಳಿಯರ ಮನೆಗಳಿಗೆ ಹಾಕಿದ್ರು. ಅದರ ವಿಚಾರಣಾ ವರದಿ 1997ರಲ್ಲಿ ಬಂತು, ಪ್ರಧಾನಿ ಕೆವಿನ್ ರಡ್ ಪಾರ್ಲಿಮೆಂಟಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರವರಿ 13ಕ್ಕೆ. ಅಮ್ಮನ ಮಾತು ಮಗುವಿಗೆ ದಾಟೋ ಜಾಗವನ್ನೇ ಕಡಿದುಬಿಟ್ರೆ ಭಾಷೆ ಉಳಿಯೋದಾದ್ರೂ ಹೇಗೆ. ನ್ಯೂ ಸೌತ್ ವೇಲ್ಸ್‌ನ ವಿರಾಜುರಿ ಹಿರಿಯ ಸ್ಟಾನ್ ಗ್ರಾಂಟ್ ಒಂದು ವಿಷಯ ಹೇಳ್ಕೊಂಡಿದಾರೆ, ಅವರ ಅಜ್ಜ ಸಾರ್ವಜನಿಕ ಜಾಗದಲ್ಲಿ ತನ್ನ ಭಾಷೆ ಆಡಿದ್ದಕ್ಕೆ ಪೊಲೀಸರು ಹಿಡಿದು ಲಾಕಪ್ಪಿಗೆ ಹಾಕಿದ್ರಂತೆ, ಅಲ್ಲಿಂದಾಚೆಗೆ ಅಜ್ಜ ಊರೊಳಗೆ ಆ ಭಾಷೆ ಆಡೋದು ನಿಲ್ಲಿಸಿದ. ಅದೇ ಮೊಮ್ಮಗ ವಯಸ್ಸಾದ ಮೇಲೆ ಜಾನ್ ರಡರ್ ಅನ್ನೋ ಭಾಷಾಶಾಸ್ತ್ರಜ್ಞನ ಜೊತೆ ಕೂತು ವಿರಾಜುರಿ ನಿಘಂಟು ಮಾಡಿದ್ರು, ಈಗ ಆ ಪ್ರದೇಶದ ಶಾಲೆಗಳಲ್ಲಿ ಅದನ್ನ ಕಲಿಸ್ತಾರೆ.

ಈಗ ನಮಗೆ ಹತ್ತಿರವಾದ ವಿಷಯಕ್ಕೆ ಬರ್ತೀನಿ. ಈ ಭಾಷೆಗಳ ಉಚ್ಚಾರಣೆ. ಮೊದಮೊದಲು ಬರ್ಕೊಂಡ ಇಂಗ್ಲಿಷರ ಪಟ್ಟಿಗಳನ್ನ ನೋಡಿದ್ರೆ ಒಂದೇ ಶಬ್ದವನ್ನ ಒಬ್ಬೊಬ್ಬರು ಒಂದೊಂದು ಥರ ಬರೆದಿದಾರೆ, ಯಾಕಂದ್ರೆ ಅವರ ಕಿವಿಗೆ ತ ಮತ್ತು ಟ ಬೇರೆ ಅಂತ ಕೇಳಿಸ್ತಿರಲಿಲ್ಲ, ನ ಮತ್ತು ಣ, ಲ ಮತ್ತು ಳ ಎಲ್ಲಾ ಒಂದೇ. ಪದದ ಮೊದಲಲ್ಲೇ ಙ ಬಂದ್ರಂತೂ ಬಿಟ್ಟೇ ಬಿಡ್ತಿದ್ರು, ಇಲ್ಲಾ ಎನ್ ಅಂತ ಬರ್ಕೊಳ್ತಿದ್ರು. ಕನ್ನಡದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ನಮ್ಮ ವರ್ಗೀಯ ವ್ಯಂಜನದ ಕೋಷ್ಟಕದಲ್ಲಿ ಙ ಞ ಣ ನ ಮ ಅಂತ ಐದು ಅನುನಾಸಿಕ ಇದೆಯಲ್ಲ, ಅರಬನ ಭಾಷೆಯಲ್ಲಿ ಅಂಥವು ಆರು, ಹಲ್ಲಿಗೆ ತಾಗೋ ನ ಬೇರೆ, ಒಸಡಿಗೆ ತಾಗೋ ನ ಬೇರೆ. ಸ್ವರಗಳು ಮಾತ್ರ ಬಹುತೇಕ ಭಾಷೆಗಳಲ್ಲಿ ಅ ಇ ಉ ಮೂರೇ, ಮಹಾಪ್ರಾಣ ಇಲ್ಲ, ಸ ಶ ಹ ಇಲ್ಲ. ನಾವು ಮಗ್ಗಿ ಥರ ಬಾಯಿಪಾಠ ಮಾಡಿದ ಅಕ್ಷರಮಾಲೆ ನಾಲಗೆ ಎಲ್ಲಿ ತಾಗುತ್ತೆ ಅನ್ನೋದರ ನಕ್ಷೆ, ಹರ್ಕಸ್‌ಗೆ ಸಂಸ್ಕೃತ ಪ್ರಾಕೃತದಿಂದಾಗಿ ಆ ಕಿವಿ ಮೊದಲೇ ತಯಾರಾಗಿತ್ತು ಅಂತ ನಂಗೆ ಅನ್ಸುತ್ತೆ. ಹಾಗಂತ ಈ ಹೋಲಿಕೆಯನ್ನ ಎಳೀಬಾರದು. 1856ರಲ್ಲಿ ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಕಾಲ್ಡ್‌ವೆಲ್, ಸರ್ವನಾಮಗಳನ್ನ ನೋಡಿ ದ್ರಾವಿಡಕ್ಕೂ ಆಸ್ಟ್ರೇಲಿಯಾದ ಭಾಷೆಗಳಿಗೂ ನಂಟಿದೆ ಅಂತ ಸೂಚಿಸಿದ್ರು, ಈಗಿನ ಭಾಷಾಶಾಸ್ತ್ರ ಅದನ್ನ ಒಪ್ಪಲ್ಲ. ವಾಟ್ಸಾಪಲ್ಲಿ ಆಗಾಗ ಕನ್ನಡಕ್ಕೂ ಆಸ್ಟ್ರೇಲಿಯಾಕ್ಕೂ ಒಂದೇ ಬೇರು ಅಂತ ಬರೋ ಮೆಸೇಜುಗಳನ್ನ ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ, ಆ ಜನರ ಚರಿತ್ರೆ ಅವರದೇ ಆಗಿರಲಿ.

ನಾನಿರೋ ಅಡಿಲೇಡ್ ಬಯಲಿನ ಭಾಷೆ ಕೌರ್ನಾ. ಇದರ ಕಥೆ ಹೇಳದೇ ಇರೋಕಾಗಲ್ಲ. 1838ರ ಅಕ್ಟೋಬರ್‌ನಲ್ಲಿ ಪೆಸ್ತನ್‌ಜೀ ಬೊಮನ್‌ಜೀ ಅನ್ನೋ ಹಡಗು ಇಲ್ಲಿಗೆ ಬಂತು, ಹೆಸರು ನೋಡಿದ್ರೇ ಗೊತ್ತಾಗುತ್ತೆ ಪಾರ್ಸಿ ಹೆಸರು ಅಂತ. ಅದರಲ್ಲಿ ಹೊಸ ಗವರ್ನರ್ ಜೊತೆಗೆ ಇಬ್ಬರು ಜರ್ಮನ್ ಮಿಷನರಿಗಳು ಬಂದ್ರು, ಟೈಖೆಲ್‌ಮನ್ ಮತ್ತು ಶೂರ್‌ಮನ್. ಬಂದಿದ್ದು ಧರ್ಮ ಪ್ರಚಾರಕ್ಕೆ, ಆದ್ರೆ ಜನರ ಭಾಷೆಯಲ್ಲೇ ಹೇಳ್ಬೇಕು ಅಂತ ಕೌರ್ನಾ ಕಲಿಯೋಕೆ ಕೂತ್ರು. ಕಲಿಸಿದೋರು ಮುಲ್ಲವಿರ್ರಬುರ್ಕ, ಕಡ್ಲಿಟ್ಪಿನ್ನ, ಇಟ್ಯಮೈಇಟ್ಪಿನ್ನ ಅನ್ನೋ ಹಿರಿಯರು. ಬಂದು ಎರಡೇ ವರ್ಷಕ್ಕೆ, 1840ರಲ್ಲಿ, ವ್ಯಾಕರಣ, ಸುಮಾರು 2000 ಪದ, ವಾಕ್ಯಗಳು ಎಲ್ಲಾ ಇರೋ ಪುಸ್ತಕ ಅಚ್ಚಾಯ್ತು. ಟಾರೆನ್ಸ್ ನದಿ ದಡದ ಪಿಲ್ಟವೊಡ್ಲಿ ಅನ್ನೋ ಜಾಗದಲ್ಲಿ 1839ರ ಡಿಸೆಂಬರ್‌ನಲ್ಲಿ ಕೌರ್ನಾದಲ್ಲೇ ಪಾಠ ಹೇಳೋ ಶಾಲೆ ತೆರೆದ್ರು, ಮಕ್ಕಳು ಓದು ಬರಹ ಕಲಿತು ಕೌರ್ನಾದಲ್ಲೇ ಕಾಗದ ಬರೆದ್ರು, ಆ ಕಾಗದಗಳಲ್ಲಿ ಕೆಲವು ಎಷ್ಟೋ ಕಾಲ ಆದ್ಮೇಲೆ ಜರ್ಮನಿಯಲ್ಲಿ ಸಿಕ್ಕಿವೆ. 1845ರಲ್ಲಿ ಸರ್ಕಾರ ಆ ಶಾಲೆ ಮುಚ್ಚಿಸಿ ಮಕ್ಕಳನ್ನ ಇಂಗ್ಲಿಷ್ ಶಾಲೆಗೆ ಹಾಕಿತು. ಭಾಷೆ ಮನೆಗಳಿಂದ ಹೋಗ್ತಾ ಬಂತು. ಕೌರ್ನಾ ಸರಾಗವಾಗಿ ಬಲ್ಲ ಕೊನೆಯವರು ಅಂತ ಹೇಳೋ ಇವರಿತ್ಜಿ ಅನ್ನೋ ಅಜ್ಜಿ 1929ರಲ್ಲಿ ತೀರಿಕೊಂಡ್ರು.

ಆ ಕಾಲದ ಕೌರ್ನಾದ ಒಂದೇ ಒಂದು ಧ್ವನಿಮುದ್ರಣ ಇಲ್ಲ. ಪುಸ್ತಕ ಇದೆ, ದನಿ ಇಲ್ಲ. ಟೈಖೆಲ್‌ಮನ್ 1857ರಲ್ಲಿ ಮಾಡಿದ ಇನ್ನೊಂದು ದೊಡ್ಡ ಹಸ್ತಪ್ರತಿ ಸರ್ ಜಾರ್ಜ್ ಗ್ರೇ ಅನ್ನೋ ಗವರ್ನರ್ ಕೈಗೆ ಹೋಗಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಲೈಬ್ರರಿ ಸೇರಿತ್ತು, ಅಂದ್ರೆ ಅಡಿಲೇಡಿನ ಜನ ತಮ್ಮ ಅಜ್ಜಂದಿರ ಮಾತು ಓದೋಕೆ ಇನ್ನೊಂದು ಖಂಡದ ಕಪಾಟು ತೆಗೀಬೇಕು. 1990ರ ಸುಮಾರಿಗೆ ಕೌರ್ನಾ ಕುಟುಂಬದೋರು ನಮ್ಮ ಭಾಷೆ ನಮಗೆ ಬೇಕು ಅಂತ ಹೊರಟಾಗ, ಮೊದಲು ಹಾಡು ಕಟ್ಟೋ ಕಾರ್ಯಾಗಾರ, ಆಮೇಲೆ ಕೌರ್ನಾ ಪ್ಲೇನ್ಸ್ ಶಾಲೆಯಲ್ಲಿ 1992ರಿಂದ ಪಾಠ. ಆಲಿತ್ಯ ರಿಗ್ನಿ, ಲೂಯಿಸ್ ಓಬ್ರಿಯನ್ ಅನ್ನೋ ಹಿರಿಯರು, ರಾಬ್ ಏಮರಿ ಅನ್ನೋ ಭಾಷಾಶಾಸ್ತ್ರಜ್ಞ ಸೇರಿ 2002ರಲ್ಲಿ ಕೌರ್ನಾ ವರ್ರ ಪಿಂಟ್ಯಂತಿ ಅನ್ನೋ ಸಮಿತಿ ಕಟ್ಟಿದ್ರು, ಬೀದಿಗೆ ಉದ್ಯಾನಕ್ಕೆ ಹೆಸರಿಡೋದಾಗ್ಲಿ ಪಠ್ಯ ಮಾಡೋದಾಗ್ಲಿ ಅದರ ಮೂಲಕ ನಡೆಯುತ್ತೆ.

ಆದ್ರೆ ದನಿ ಇಲ್ಲದ ಭಾಷೆಯನ್ನ ಬಾಯಿಗೆ ತರೋದು ಹೇಗೆ? ಜರ್ಮನ್ನರು ಚೆನ್ನಾಗೇ ಬರ್ಕೊಂಡಿದ್ರು, ಆದ್ರೂ ಎಲ್ಲಾ ಹಿಡಿದಿರಲಿಲ್ಲ. ಅಲ್ಲೇ ಅಕ್ಕಪಕ್ಕದ ಭಾಷೆಗಳು ಸಹಾಯಕ್ಕೆ ಬಂದ್ವು, ಅಡ್ನ್ಯಮತನ, ನುಕುನು ಕೌರ್ನಾಗೆ ಅಕ್ಕತಂಗಿಯರ ಥರದ ಭಾಷೆಗಳು, ಅವುಗಳನ್ನ ಹರ್ಕಸ್ ಮತ್ತೆ ಬೇರೆಯವರು ಟೇಪಿಗೆ ಹಿಡಿದಿಟ್ಟಿದ್ರು. ಅದೇ ಪದ ಅಲ್ಲಿ ಹೇಗೆ ಉಲೀತಾರೆ ಅಂತ ಕೇಳಿ ಇಲ್ಲಿ ಹೀಗಿರ್ಬೇಕು ಅಂತ ತೀರ್ಮಾನ. 2010ರಲ್ಲಿ ಕಾಗುಣಿತವನ್ನೇ ತಿದ್ದಿದ್ರು, ಹಳೇ ಪಿಲ್ಟವೊಡ್ಲಿ ಅನ್ನೋದರಲ್ಲಿ ಎಲ್ ಪಕ್ಕ ಆರ್ ಸೇರಿಸಿ ಬರೀತಾರೆ ಈಗ, ಅದು ನಮ್ಮ ಳಕಾರದ ಜಾಗ. ನುಕುನು ಅಜ್ಜನೊಬ್ಬ ತನ್ನ ಭಾಷೆಗಾಗಿ ಹೇಳಿದ ಮಾತು ಪಕ್ಕದ ಭಾಷೆಯ ಮೊಮ್ಮಕ್ಕಳ ನಾಲಗೆ ತಿದ್ದುತ್ತೆ ಅಂತ ಯಾರು ಎಣಿಸಿದ್ರು. ಟೈಖೆಲ್‌ಮನ್‌ಗೂ ತನ್ನ ಪುಸ್ತಕದ ನಿಜವಾದ ಓದುಗರು ನೂರೈವತ್ತು ವರ್ಷ ಆದ್ಮೇಲೆ ಬರ್ತಾರೆ ಅಂತ ಗೊತ್ತಿರಲಿಲ್ಲ. ನನ್ನ ಮಗಳು ಶಾಲೆಯಿಂದ ಬಂದು ನೀನಾ ಮರ್ಣಿ ಅಂತ ಕೇಳ್ತಾಳೆ, ಚೆನ್ನಾಗಿದೀಯಾ ಅಂತ. ಅವಳ ಅಜ್ಜಿ ಊರಿಂದ ವಿಡಿಯೋ ಕಾಲ್‌ನಲ್ಲಿ ಅದನ್ನ ಕೇಳಿ, ಒಂದೇ ಸಲಕ್ಕೆ ಣಕಾರ ಸರಿಯಾಗಿ ಹಿಡಿದು ವಾಪಸ್ ಹೇಳಿದ್ರು, ನಂಗೆ ಅದು ತುಂಬಾ ಖುಷಿ ಆಯ್ತು.

ಪದಪಟ್ಟಿ ಮಾಡೋದು ಸುಲಭದ ಭಾಗ. ಕಷ್ಟ ಏನು ಅಂದ್ರೆ ಇಲ್ಲಿ ಭಾಷೆಯನ್ನ ಸಂಬಂಧಗಳಿಂದ ಬಿಡಿಸಿ ತೆಗಿಯೋಕೆ ಆಗಲ್ಲ. ಕ್ವೀನ್ಸ್‌ಲ್ಯಾಂಡಿನ ಮಳೆಕಾಡಿನ ಜಿರ್‌ಬಲ್ ಭಾಷೆ ತಗೊಳ್ಳಿ. ಡಿಕ್ಸನ್ ಅನ್ನೋ ಇಂಗ್ಲಿಷ್ ಭಾಷಾಶಾಸ್ತ್ರಜ್ಞ 1963ರಲ್ಲಿ ಅಲ್ಲಿಗೆ ಹೋದಾಗ ಅವರಿಗೆ ಕ್ಲೋಯಿ ಗ್ರಾಂಟ್, ಜಾರ್ಜ್ ವಾಟ್ಸನ್ ಅಂತ ಇಬ್ಬರು ಅದ್ಭುತ ಗುರುಗಳು ಸಿಕ್ಕರು. ಅವರಿಂದ ಗೊತ್ತಾಗಿದ್ದು ಏನಂದ್ರೆ ಅಲ್ಲಿ ಪ್ರತಿಯೊಬ್ಬನಿಗೂ ಎರಡು ಮಾತಿನ ರೀತಿ, ದಿನದ ಮಾತು ಗುವಲ್, ಇನ್ನೊಂದು ಜಲ್ಙುಯ್. ಅತ್ತೆಯ ಸ್ಥಾನದಲ್ಲಿರೋರು, ಅಂಥ ಮರ್ಯಾದೆಯ ಕೆಲವು ನೆಂಟರು ಕೇಳಿಸ್ಕೊಳ್ಳೋ ದೂರದಲ್ಲಿದ್ರೆ ಜಲ್ಙುಯ್‌ನಲ್ಲೇ ಮಾತಾಡ್ಬೇಕು. ವ್ಯಾಕರಣ ಒಂದೇ, ಉಚ್ಚಾರಣೆ ಒಂದೇ, ಪದಗಳು ಮಾತ್ರ ಹೆಚ್ಚುಕಮ್ಮಿ ಪೂರ್ತಿ ಬೇರೆ. ದಿನದ ಮಾತಿನ ನಾಲ್ಕೈದು ಪದಗಳಿಗೆ ಅಲ್ಲಿ ಒಂದೇ ಪದ, ಹಾಗಾಗಿ ಯಾವ ಪದಗಳನ್ನ ಅವರು ಒಂದೇ ಜಾತಿ ಅಂತ ಎಣಿಸ್ತಿದ್ರು ಅನ್ನೋದೂ ಅದರಿಂದ ಗೊತ್ತಾಗುತ್ತೆ. 1930ರ ಹೊತ್ತಿಗೇ ಅದರ ಬಳಕೆ ನಿಂತುಹೋಗಿತ್ತು, ಈ ಇಬ್ಬರ ನೆನಪಲ್ಲಿ ಉಳಿದಿತ್ತು.

ಗಂಡನ ಹೆಸರು ಬಾಯಲ್ಲಿ ಹೇಳದ ಅಜ್ಜಿಯರನ್ನ ನೋಡಿ ಬೆಳೆದ ನಮಗೆ ಇದರ ಒಳಗಿನ ಬಿಗಿ ಸ್ವಲ್ಪವಾದ್ರೂ ಗೊತ್ತಾಗುತ್ತೆ. ನೆಂಟಸ್ತಿಕೆಯ ವಿಷಯದಲ್ಲಂತೂ ಇನ್ನೂ ಹತ್ತಿರ. ವಾರ್ಲ್‌ಪಿರಿ ಜನರಲ್ಲಿ ಅಮ್ಮನ ಅಕ್ಕತಂಗಿಯರೂ ಅಮ್ಮನೇ, ಅಪ್ಪನ ಅಣ್ಣತಮ್ಮಂದಿರೂ ಅಪ್ಪನೇ, ಅವರ ಮಕ್ಕಳು ಒಡಹುಟ್ಟಿದವರು, ಆದ್ರೆ ಸೋದರಮಾವನ ಮಕ್ಕಳು ಬೇರೆಯೇ ಲೆಕ್ಕ. ದೊಡ್ಡಮ್ಮ ಚಿಕ್ಕಪ್ಪ ಅಂತ ಕರೆದು ಬೆಳೆದ ಕನ್ನಡದ ಮಗುವಿಗೆ ಇದನ್ನ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಕರಿಯೆರ ಜನರ ನೆಂಟಸ್ತಿಕೆಯನ್ನ ರ‍್ಯಾಡ್‌ಕ್ಲಿಫ್ ಬ್ರೌನ್ 1913ರಲ್ಲಿ ವಿವರಿಸಿದ ಮೇಲೆ ಮಾನವಶಾಸ್ತ್ರಜ್ಞರು ಅದನ್ನ ದ್ರಾವಿಡ ನೆಂಟಸ್ತಿಕೆಯ ಪಕ್ಕ ಇಟ್ಟು ತುಂಬಾ ಚರ್ಚೆ ಮಾಡಿದಾರೆ, ಇದು ಒಂದೇ ಬೇರು ಅನ್ನೋ ವಾದ ಅಲ್ಲ, ಬೇರೆಬೇರೆ ಕಡೆ ಮನುಷ್ಯರು ಸಂಬಂಧವನ್ನ ಒಂದೇ ಥರ ಜೋಡಿಸಿದಾರೆ ಅನ್ನೋದು. ನಿಘಂಟಿನಲ್ಲಿ ಒಂದು ನೆಂಟಸ್ತಿಕೆಯ ಪದ ಬರೀಬೇಕಾದ್ರೆ ಯಾರು ಯಾರಿಗೆ ಹೇಳ್ತಿದಾರೆ, ಯಾರೆದುರು ಹೇಳಬಾರದು ಅನ್ನೋದೂ ಬರೀಬೇಕು, ಇಲ್ಲಾಂದ್ರೆ ಆ ಪದ ಅರ್ಧ. ವಾರ್ಲ್‌ಪಿರಿಯ ದೊಡ್ಡ ನಿಘಂಟು ಕೆನ್ ಹೇಲ್ ಅನ್ನೋ ಭಾಷಾಶಾಸ್ತ್ರಜ್ಞ 1959ರಲ್ಲಿ ಶುರು ಮಾಡಿದ ಕೆಲಸದಿಂದ ಹೊರಟಿದ್ದು, ಅಚ್ಚಾಗಿದ್ದು 2022ರಲ್ಲಿ. ಅಷ್ಟು ವರ್ಷ ಯಾಕೆ ಬೇಕಾಯ್ತು ಅಂತ ಈಗ ನಂಗೆ ಆಶ್ಚರ್ಯ ಆಗಲ್ಲ.

ಟೇಪ್ ರೆಕಾರ್ಡರಿಗೆ ಸಿಗದೇ ಇರೋದೂ ಇದೆ. ಮಧ್ಯ ಆಸ್ಟ್ರೇಲಿಯಾದ ವಾರ್ಲ್‌ಪಿರಿ, ವರುಮುಂಗು ಥರದ ಜನರಲ್ಲಿ ಗಂಡ ಸತ್ತ ಹೆಂಗಸು ಬಹಳ ಕಾಲ, ವರ್ಷದವರೆಗೂ, ಬಾಯಿ ಬಿಟ್ಟು ಮಾತಾಡೋದಿಲ್ಲ. ಹಾಗಂತ ಸುಮ್ಮನಿರಲ್ಲ, ಕೈಸನ್ನೆಯಲ್ಲಿ ಎಲ್ಲವನ್ನೂ ಹೇಳ್ತಾಳೆ, ಅದು ಬರೀ ಸನ್ನೆ ಅಲ್ಲ, ಪೂರ್ತಿ ಒಂದು ಭಾಷೆ. ಸಂತಾಪದಲ್ಲಿ ಇಲ್ಲದ ಹೆಂಗಸರೂ ಅದನ್ನ ಬಳಸ್ತಾರೆ, ವಯಸ್ಸಾದವರಿಗೆ ಚೆನ್ನಾಗಿ ಬರುತ್ತೆ. ಆಡಮ್ ಕೆಂಡನ್ ಅನ್ನೋ ವಿದ್ವಾಂಸ 1970ರ ದಶಕದ ಕೊನೆಯಿಂದ ಯುಂಡುಮು ಮತ್ತು ಆ ಸುತ್ತಿನ ಊರುಗಳಲ್ಲಿ ಹೆಂಗಸರ ಜೊತೆ ಕೂತು ಇದನ್ನ ಚಿತ್ರೀಕರಿಸಿ 1988ರಲ್ಲಿ ದೊಡ್ಡ ಪುಸ್ತಕ ಮಾಡಿದ್ರು. ಅರೆಂಟೆ ಕಡೆಯ ಹೆಂಗಸರು ಕಥೆ ಹೇಳುವಾಗ ಮುಂದಿನ ಮರಳನ್ನ ಸವರಿ ಅದರ ಮೇಲೆ ಬೆರಳಲ್ಲಿ ಗೆರೆ ಎಳೀತಾರೆ, ಎಲೆಗಳನ್ನ ಮನುಷ್ಯರ ಹಾಗೆ ನಿಲ್ಲಿಸ್ತಾರೆ, ಮಧ್ಯೆ ಹಾಡ್ತಾರೆ, ಮಧ್ಯೆ ಕೈಸನ್ನೆ, ಒಂದು ಪ್ರಸಂಗ ಮುಗಿದ್ರೆ ಕೈಯಲ್ಲಿ ಅಳಿಸಿ ಮುಂದಿನದು. ಅದರ ಬರೀ ಮಾತನ್ನ ಕಾಗದಕ್ಕಿಳಿಸಿದ್ರೆ ಏನು ಸಿಗುತ್ತೆ ಹೇಳಿ, ಯಕ್ಷಗಾನ ಪ್ರಸಂಗದ ಪದ್ಯಗಳನ್ನ ಮಾತ್ರ ಓದಿ ರಾತ್ರಿಯಿಡೀ ಆಟ ನೋಡಿದೆ ಅಂದ ಹಾಗಾಗುತ್ತೆ.

ಇನ್ನು ವಾರಸುದಾರಿಕೆಯ ವಿಷಯ. ಎಲ್ಲಾ ಜ್ಞಾನ ಎಲ್ಲರಿಗೂ ಸಿಗಬೇಕು, ಇಂಟರ್ನೆಟ್ಟಿಗೆ ಹಾಕಿಬಿಟ್ರೆ ಉಳಿಯುತ್ತೆ ಅನ್ನೋದು ನಮ್ಮ ಕಾಲದ ನಂಬಿಕೆ, ನಾನೂ ಸಾಫ್ಟ್‌ವೇರಿನವನು, ಆ ನಂಬಿಕೆಯಲ್ಲೇ ದುಡಿಯೋದು. ಇಲ್ಲಿಯ ಹಿರಿಯರ ಕಾನೂನು ಹಾಗಿಲ್ಲ. ಕೆಲವು ಹಾಡು ಗಂಡಸರದ್ದು ಮಾತ್ರ, ಕೆಲವು ಹೆಂಗಸರದ್ದು ಮಾತ್ರ, ಕೆಲವು ದೀಕ್ಷೆ ಆದವರಿಗೆ ಮಾತ್ರ, ಒಂದು ಜಾಗದ ಕಥೆ ಹೇಳೋ ಹಕ್ಕು ಆ ಜಾಗದವರಿಗೆ ಮಾತ್ರ. ಚಾರ್ಲ್ಸ್ ಮೌಂಟ್‌ಫರ್ಡ್ ಅನ್ನೋನು 1940ರಲ್ಲಿ ಪಿಚನ್‌ಜಾರ ಹಿರಿಯರ ಜೊತೆಗಿದ್ದು ಅವರು ನಂಬಿಕೆಯಿಂದ ತೋರಿಸಿದ ಗುಟ್ಟಿನ ವಿಷಯಗಳನ್ನ ತಿಳ್ಕೊಂಡ, 1976ರಲ್ಲಿ ಅದನ್ನ ಪುಸ್ತಕ ಮಾಡಿ ಅಚ್ಚು ಹಾಕಿಸಿದ. ಆ ಜನ ಕೋರ್ಟಿಗೆ ಹೋದ್ರು, ಹೆಂಗಸರು ಮಕ್ಕಳು ಇದನ್ನ ಅಂಗಡಿಯಲ್ಲಿ ತಗೊಂಡು ನೋಡಿದ್ರೆ ನಮ್ಮ ಸಮಾಜದ ವ್ಯವಸ್ಥೆಯೇ ಹಾಳಾಗುತ್ತೆ ಅನ್ನೋದು ಅವರ ವಾದ. ನಾರ್ದರ್ನ್ ಟೆರಿಟರಿಯ ಸುಪ್ರೀಂ ಕೋರ್ಟ್ ವಿಶ್ವಾಸಭಂಗ ಅಂತ ಒಪ್ಪಿ ಅಲ್ಲಿ ಪುಸ್ತಕದ ಮಾರಾಟ ತಡೀತು. ನನ್ನ ಪ್ರಕಾರ ಸರಿಯಾದ ತೀರ್ಪು. ಗೆಳೆತನದಲ್ಲಿ ಹೇಳಿದ್ದನ್ನ ಅಚ್ಚು ಹಾಕಿಸಿ ಮಾರೋದಕ್ಕೆ ದಾಖಲಾತಿ ಅನ್ನೋ ಹೆಸರು ಕೊಡಬಾರದು.

ತಂತ್ರಜ್ಞಾನವನ್ನ ಈ ಕಾನೂನಿಗೆ ಬಗ್ಗಿಸಬಹುದು ಅನ್ನೋದಕ್ಕೂ ಉದಾಹರಣೆ ಇದೆ. ಟೆನಂಟ್ ಕ್ರೀಕ್ ಊರಿನ ವರುಮುಂಗು ಜನರ ಜೊತೆ ಸೇರಿ ಕಿಮ್ ಕ್ರಿಸ್ಟನ್ ಅನ್ನೋ ಸಂಶೋಧಕಿ ಮುಕುರ್ತು ಅನ್ನೋ ಆರ್ಕೈವ್ ಸಾಫ್ಟ್‌ವೇರ್ ಕಟ್ಟಿದ್ರು, 2007ರ ಸುಮಾರಿಗೆ. ಲಾಗಿನ್ ಆದವರು ಯಾವ ಕುಟುಂಬ, ಗಂಡೋ ಹೆಣ್ಣೋ, ಯಾವ ಊರಿನ ಸಂಬಂಧ ಅನ್ನೋದರ ಮೇಲೆ ಯಾವ ಫೋಟೋ ಯಾವ ಹಾಡು ತೆರ್ಕೊಳ್ಳುತ್ತೆ ಅನ್ನೋದು ನಿರ್ಧಾರ ಆಗುತ್ತೆ. ಯಾರಾದ್ರೂ ತೀರಿಕೊಂಡ್ರೆ ಅವರ ಚಿತ್ರ, ದನಿ ಕುಟುಂಬದೋರು ಹೇಳೋವರೆಗೂ ಮುಚ್ಚಿಡಬೇಕು, ಹೆಸರು ಕೂಡಾ ಹೇಳೋ ಹಾಗಿಲ್ಲ, ಅದಕ್ಕೂ ದಾರಿ ಇದೆ. ಪಿಚನ್‌ಜಾರ ಕಡೆ ಆರಾ ಇರಿಟಿಟ್ಜ ಅಂತ 1994ರಿಂದಲೇ ಇಂಥ ಆರ್ಕೈವ್ ನಡೆಸ್ತಿದಾರೆ, ಎಲ್ಲೆಲ್ಲೋ ಮ್ಯೂಸಿಯಂಗಳಲ್ಲಿ ಚದುರಿದ್ದ ತಮ್ಮವರ ಫೋಟೋ ಟೇಪುಗಳ ಪ್ರತಿಗಳನ್ನ ಊರಿಗೆ ತಂದು. ಡೇಟಾ ಪರ್ಮಿಷನ್ ಅಂತ ನಾವು ಆಫೀಸಲ್ಲಿ ದಿನಾ ಮಾಡೋ ಕೆಲಸಕ್ಕೆ ಇಷ್ಟು ಆಳವಾದ ಅರ್ಥ ಇರಬಹುದು ಅಂತ ನಂಗೆ ಇವನ್ನ ನೋಡಿದ ಮೇಲೇ ಹೊಳೆದಿದ್ದು.

ಟಾಸ್ಮೇನಿಯಾದ್ದು ಇನ್ನೂ ಕಠಿಣ. ಅಲ್ಲಿಯ ಯಾವ ಭಾಷೆಗೂ ಪೂರ್ತಿ ದಾಖಲೆ ಇಲ್ಲ, ಫ್ಯಾನಿ ಕಾಕ್ರನ್ ಸ್ಮಿತ್ ಅನ್ನೋ ಹೆಂಗಸು 1899 ಮತ್ತು 1903ರಲ್ಲಿ ಮೇಣದ ಸಿಲಿಂಡರ್‌ಗಳಿಗೆ ಹಾಡಿದ್ದು ಬಿಟ್ರೆ ಅಲ್ಲಿಯ ಮೂಲ ಭಾಷೆಗಳ ಹಾಡಿನ ದನಿ ಬೇರೆ ಇಲ್ಲ. ಚೂರುಪಾರು ಪಟ್ಟಿಗಳಿಂದ ಪಾಲವ ಕಾನಿ ಅನ್ನೋ ಭಾಷೆಯನ್ನ 1990ರ ದಶಕದಿಂದ ಅಲ್ಲಿಯ ಜನ ಕಟ್ಟಿಕೊಳ್ತಿದಾರೆ, ಮೊದಲು ನಮ್ಮವರು ಕಲೀಲಿ, ಆಮೇಲೆ ಹೊರಗಿನವರು ಅಂತ ಬಹಳ ಕಾಲ ಹೊರಗೆ ಕೊಡಲಿಲ್ಲ. ಕೆಲವರು ಇದನ್ನ ಸಂಕುಚಿತ ಅಂತಾರೆ. ನಂಗೆ ಹಾಗನ್ಸಲ್ಲ, ಎಲ್ಲವನ್ನೂ ಕಳ್ಕೊಂಡವರು ಸಿಕ್ಕ ಸ್ವಲ್ಪವನ್ನ ಮೊದಲು ಮನೆಮಕ್ಕಳಿಗೆ ಬಡಿಸೋದರಲ್ಲಿ ತಪ್ಪೇನಿದೆ.

ಶಾಲೆಯ ಬಗ್ಗೆ ಒಂದು ಮಾತು ಹೇಳ್ಲೇಬೇಕು. ನಾರ್ದರ್ನ್ ಟೆರಿಟರಿಯಲ್ಲಿ 1973ರಿಂದ ದ್ವಿಭಾಷಾ ಶಾಲೆಗಳು ಶುರುವಾದ್ವು, ಮಕ್ಕಳು ಮೊದಲು ತಮ್ಮ ಭಾಷೆಯಲ್ಲಿ ಓದೋದು, ಆಮೇಲೆ ಇಂಗ್ಲಿಷ್. ಅದಕ್ಕಾಗಿ ಊರೂರಲ್ಲಿ ಹಿರಿಯರು, ಮೇಷ್ಟ್ರುಗಳು, ಚಿತ್ರ ಬರೆಯೋರು ಕೂತು ಸಾವಿರಾರು ಪುಟ್ಟ ಪುಸ್ತಕ ಮಾಡಿದ್ರು. 2008ರಲ್ಲಿ ಅಲ್ಲಿಯ ಸರ್ಕಾರ ದಿನದ ಮೊದಲ ನಾಲ್ಕು ಗಂಟೆ ಇಂಗ್ಲಿಷ್ ಪಾಠವೇ ಆಗಬೇಕು ಅಂತ ಘೋಷಿಸಿತು, ಮಕ್ಕಳ ತಲೆ ಚುರುಕಾಗಿರೋ ಹೊತ್ತೆಲ್ಲಾ ಹೋಯ್ತು. ಆ ಪುಸ್ತಕಗಳನ್ನ ಈಗ ಡಾರ್ವಿನ್‌ನ ಯೂನಿವರ್ಸಿಟಿಯ ಡಿಜಿಟಲ್ ಆರ್ಕೈವ್ ಸ್ಕ್ಯಾನ್ ಮಾಡಿ ಇಟ್ಟಿದೆ, ಇಟ್ಟಿದ್ದು ದೊಡ್ಡ ಪುಣ್ಯ, ಆದ್ರೂ ನಂಗೆ ಸಿಟ್ಟು ಬರುತ್ತೆ, ಮಕ್ಕಳ ಕೈಯಲ್ಲಿ ಹರಿದು ಹಳೇದಾಗಬೇಕಾದ ಪುಸ್ತಕಗಳು ಅವು. ಜೀವಂತ ಭಾಷೆಗೆ ಶಾಲೆ ಬಾಗಿಲು ಮುಚ್ಚಿ, ಅದು ಕ್ಷೀಣಿಸಿದ ಮೇಲೆ ದಾಖಲಾತಿಗೆ ಗ್ರಾಂಟ್ ಕೊಡೋ ಸರ್ಕಾರಗಳನ್ನ ಪ್ರಶ್ನೆ ಮಾಡಲೇಬೇಕು, ಅದು ಯಾವ ದೇಶದ್ದೇ ಆಗಿರಲಿ.

ಟೇಪುಗಳಿಗೂ ಆಯಸ್ಸಿದೆ. ಮ್ಯಾಗ್ನೆಟಿಕ್ ಟೇಪ್ ತಾನಾಗೇ ಹಾಳಾಗುತ್ತೆ, ಅದನ್ನ ಓಡಿಸೋ ಯಂತ್ರಗಳು, ರಿಪೇರಿ ಬಲ್ಲೋರು ಕಮ್ಮಿಯಾಗ್ತಿದಾರೆ. 2025ರ ಒಳಗೆ ಡಿಜಿಟಲ್‌ಗೆ ತರದಿದ್ರೆ ಬಹಳಷ್ಟು ಕೈತಪ್ಪುತ್ತೆ ಅಂತ ಇಲ್ಲಿಯ ರಾಷ್ಟ್ರೀಯ ಚಿತ್ರ ಮತ್ತು ಧ್ವನಿ ಆರ್ಕೈವ್ 2015ರಲ್ಲೇ ಎಚ್ಚರಿಸಿತ್ತು. ಹರ್ಕಸ್‌ರಂಥವರ ಟೇಪುಗಳು ಇರೋದು ಕ್ಯಾನ್‌ಬೆರಾದ ಏಟ್ಸಿಸ್ ಅನ್ನೋ ಆದಿವಾಸಿ ಅಧ್ಯಯನ ಸಂಸ್ಥೆಯಲ್ಲಿ, 1964ರಲ್ಲಿ ಶುರುವಾದದ್ದು. 2003ರಲ್ಲಿ ಕೆಲವು ಯೂನಿವರ್ಸಿಟಿಗಳು ಸೇರಿ ಕಟ್ಟಿದ ಪ್ಯಾರಡಿಸೆಕ್ ಅನ್ನೋ ಆರ್ಕೈವ್ ಸಂಶೋಧಕರ ಮನೆ ಶೆಡ್ಡುಗಳಲ್ಲಿ, ಆಫೀಸ್ ಕಪಾಟುಗಳಲ್ಲಿ ಬಿದ್ದಿದ್ದ ಪೆಸಿಫಿಕ್ ಪ್ರದೇಶದ ಟೇಪುಗಳನ್ನ ಹೀಗೇ ಎತ್ತಿ ಉಳಿಸ್ತಿದೆ. ಡಿಜಿಟೈಸ್ ಮಾಡಿದ ಮೇಲೂ ಕೆಲಸ ಮುಗಿಯಲ್ಲ, ಟೇಪಿನಲ್ಲಿ ಯಾರಿದಾರೆ, ಅವರ ಮನೆತನದವರು ಈಗ ಎಲ್ಲಿದಾರೆ, ಯಾರ ಒಪ್ಪಿಗೆ ಬೇಕು ಅಂತ ಹುಡುಕಿ ಮನೆ ಬಾಗಿಲಿಗೆ ತಲುಪಿಸೋದು ಬೇರೆ ಕೆಲಸ, ಅದಕ್ಕೆ ಆರ್ಕೈವ್‌ಗಳಲ್ಲಿ ಆದಿವಾಸಿ ಸಮುದಾಯದ ಹುಡುಗ ಹುಡುಗಿಯರೇ ಇನ್ನೂ ತುಂಬಾ ಜನ ಬೇಕು.

ಅಡಿಲೇಡಲ್ಲಿರೋ ಕನ್ನಡದವರಿಗೆ ಕೊನೇದಾಗಿ ಒಂದು ವಿಷಯ. ಕೌರ್ನಾ ನಿಘಂಟು 2021ರಲ್ಲಿ ಪುಸ್ತಕವಾಗಿ ಬಂದಿದೆ, ಕಲಿಯೋರಿಗಂತಲೇ 2013ರಲ್ಲಿ ಬಂದ ಇನ್ನೊಂದು ಪುಸ್ತಕವೂ ಇದೆ, ಎರಡೂ ಲೈಬ್ರರಿಯಲ್ಲಿ ಸಿಗುತ್ತೆ. ಜ್ಯಾಕ್ ಕಾನ್ಯಾ ಬಕ್‌ಸ್ಕಿನ್ ಥರದ ಕೌರ್ನಾ ಮೇಷ್ಟ್ರುಗಳು ದೊಡ್ಡವರಿಗೂ ತರಗತಿ ಮಾಡಿದಾರೆ. ನಮ್ಮ ರಾಜ್ಯೋತ್ಸವ, ಯುಗಾದಿ ಕಾರ್ಯಕ್ರಮಗಳು ಅವರ ನೆಲದ ಮೇಲೇ ನಡೆಯೋದು. ಶುರುವಲ್ಲಿ ಈ ನೆಲದ ಮೂಲನಿವಾಸಿಗಳನ್ನ ನೆನೆಯೋ ಎರಡು ಸಾಲು ಇಂಗ್ಲಿಷಲ್ಲಿ ಓದಿ ಮುಗಿಸೋ ಬದಲು ಒಬ್ಬ ಕೌರ್ನಾ ಹಿರಿಯರನ್ನ ಸರಿಯಾದ ಗೌರವಧನ ಕೊಟ್ಟು ಕರೆಸಿ, ಅವರ ಭಾಷೆಯಲ್ಲೇ ಸ್ವಾಗತ ಹೇಳಿಸಿ. ಮಕ್ಕಳನ್ನ ಮುಂದಿನ ಸಾಲಲ್ಲಿ ಕೂರಿಸಿ, ಣ ಮತ್ತು ಳ ಕೇಳಿ ಬೆಳೆದ ಮಕ್ಕಳು, ಅವರಿಗೆ ಅದು ಬೇಗ ಹತ್ತುತ್ತೆ.